ಹತ್ತು ನಿಮಿಷದ ಓದು

ಜಪಾನಿನ ಅನೇಕ ಶಾಲೆಗಳಲ್ಲಿ ಪಾಠಕ್ಕೆ ಮುಂಚೆ ಹತ್ತು ನಿಮಿಷ ಮೌನವಾಗಿ ಓದುವ ರೂಢಿ ಇದೆ. 1988ರಲ್ಲಿ ಚಿಬಾ ಪ್ರಾಂತ್ಯದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಹಯಾಶಿ ಹಿರೋಶಿ ಎಂಬ ಮೇಷ್ಟ್ರು ಇದನ್ನು ಶುರು ಮಾಡಿದರು. ನಿಯಮ ನಾಲ್ಕೇ: ಎಲ್ಲರೂ ಓದಬೇಕು, ದಿನಾ ಓದಬೇಕು, ಇಷ್ಟವಾದದ್ದನ್ನು ಓದಬಹುದು, ಬರೀ ಓದಿದರೆ ಸಾಕು.

ಆ ಕೊನೆಯ ನಿಯಮಕ್ಕೆ ಕೈಮುಗಿಯಬೇಕು. ಸಾರಾಂಶ ಬರೆಯಬೇಕಿಲ್ಲ, ನೀತಿ ಹೇಳಬೇಕಿಲ್ಲ, ಅಂಕವಂತೂ ಇಲ್ಲವೇ ಇಲ್ಲ. ಇನ್ನು ಮೊದಲ ನಿಯಮ: 'ಎಲ್ಲರೂ' ಅಂದಮೇಲೆ ಮೇಷ್ಟ್ರೂ ಸೇರಿದಂತೆ. ಉತ್ತರಪತ್ರಿಕೆ ಪಕ್ಕಕ್ಕಿಟ್ಟು, ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ತಾವೂ ಒಂದು ಪುಸ್ತಕ ಹಿಡಿಯಬೇಕು. (ನಮ್ಮಲ್ಲಿ ಕಷ್ಟವಾಗುವುದು ಇದೇ ಇರಬೇಕು!)

ಇಂಥ ಓದಿಗೆ ಒಗ್ಗುವ ಜಪಾನಿನ 'ಬುಂಕೊ' ಎಂಬ ಪುಟ್ಟ ಪುಸ್ತಕಗಳು ಅಂಗೈಯಗಲ, ಅಂಗಿಯ ಜೇಬಿಗೂ ಹಿಡಿಸುವಷ್ಟು. ಸಾಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ, ಹಾಳೆ ಬಲಕ್ಕೆ ಮಗುಚುತ್ತದೆ. ಅಂಗಡಿಯವರು ರಟ್ಟಿನ ಮೇಲೆ ತೊಡಿಸುವ ಕಾಗದದ ಹೊದಿಕೆಯಿಂದಾಗಿ ಪಕ್ಕದವಳು ಏನು ಓದುತ್ತಿದ್ದಾಳೆಂದೇ ತಿಳಿಯದು. ಗಟ್ಟಿಯಾಗಿ ಓದಿಸಿದಾಗ ತಡವರಿಸುವ ಮಗುವಿಗೆ ಉಳಿದವರು ನಕ್ಕಾರೆಂಬ ಭಯ. ಈ ಮೌನದ ಓದಿನಲ್ಲಿ ಒಂದೇ ಸಾಲನ್ನು ಮೂರು ಸಲ ಓದಿದರೂ ಕೇಳುವವರಿಲ್ಲ. ಮೊದಲು ಕುರ್ಚಿ ಕಿರುಗುಟ್ಟುತ್ತದೆ, ಯಾರೋ ಕೆಮ್ಮುತ್ತಾರೆ. ಆಮೇಲೆ ಹಾಳೆಯ ಸಪ್ಪಳ ಮಾತ್ರ, ಅದೂ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ. ಈ ತಾಳತಪ್ಪಿದ ಸಪ್ಪಳವೇ ಪ್ರತಿ ಮಗುವೂ ತನ್ನ ನಡಿಗೆಯಲ್ಲೇ ಸಾಗುತ್ತಿದೆ ಎಂಬುದಕ್ಕೆ ಗುರುತು.

ಈ ಹತ್ತು ನಿಮಿಷಕ್ಕೆ ಹೊಸ ಕಟ್ಟಡ ಬೇಡ, ತರಬೇತಿ ಬೇಡ, ಪುಸ್ತಕವಿದ್ದರೆ ಸಾಕು. ಮೇಷ್ಟ್ರೇ, ನಿಮ್ಮ ಶಾಲೆಯ ಪುಸ್ತಕದ ಬೀರುವಿನ ಬೀಗದಕೈ ಯಾರ ಹತ್ತಿರ ಇದೆ, ಇವತ್ತೇ ಸ್ವಲ್ಪ ಹುಡುಕಿಸಿ.