ನೆಲ ಡೊಂಕಾಗಿಯೂ ಇರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ವರ್ಷಕ್ಕೊಮ್ಮೆಯಾದರೂ ಈ ಗಾದೆಯನ್ನು ತರಗತಿಯಲ್ಲಿ ವಿಸ್ತರಿಸಿ ಬರೆಸುತ್ತೇನೆ. ತನ್ನ ಕೊರತೆಯನ್ನು ಮುಚ್ಚಿಕೊಳ್ಳಲು ಇನ್ನೊಂದರ ಮೇಲೆ ತಪ್ಪು ಹೊರಿಸಬಾರದು ಎಂದು ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಡುತ್ತಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಮಾತನ್ನೂ ಕೊನೆಗೆ ಸೇರಿಸುತ್ತಾರೆ. ಆದರೆ ಈ ಗಾದೆಯನ್ನು ಕಟ್ಟಿದವರು ಒಮ್ಮೆ ಹೋಗಿ ಆ ನೆಲವನ್ನು ನೋಡಿ ಬಂದಿದ್ದರೇ? ಅದು ನಿಜಕ್ಕೂ ಡೊಂಕಾಗಿದ್ದರೆ ಆ ಹೆಣ್ಣುಮಗಳ ಗತಿಯೇನು? ಅಗ್ಗದ ಗಿಟಾರುಗಳ ವಿಷಯ ಬಂದಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ.

ನಮ್ಮ ಪೀಳಿಗೆಗೆ ಗಿಟಾರು ಕೇಳುವ ವಾದ್ಯವಾಗಿತ್ತು. 1983ರಲ್ಲಿ ‘ಪಲ್ಲವಿ ಅನುಪಲ್ಲವಿ’ ಬಂದಾಗ ಇಳಯರಾಜಾ ಅವರ ಸಂಗೀತವನ್ನು ರೇಡಿಯೋ ಪಕ್ಕ ಕುಳಿತು ಕೇಳಿದೆವೇ ಹೊರತು, ಆ ವಾದ್ಯವನ್ನು ಮನೆಗೆ ತರಬಹುದೆಂದು ಯಾರೂ ಯೋಚಿಸಲಿಲ್ಲ. ಈಗಿನ ಮಕ್ಕಳಿಗೆ ಅದು ನುಡಿಸುವ ವಾದ್ಯ. ಮೊಬೈಲು ನೋಡಿಕೊಂಡು ತಾವೇ ಕಲಿಯುತ್ತಾರೆ. ಹಾಗಾಗಿ ನಮ್ಮಂಥ ಸಣ್ಣ ಊರಿನಲ್ಲೂ ತಂದೆತಾಯಂದಿರು ಬಂದು, “ಅಕ್ಕೋರೇ, ಮೂರು ಸಾವಿರಕ್ಕೆ ಸಿಗ್ತದೆ, ಹತ್ತು ಸಾವಿರದ್ದೂ ಉಂಟು. ಕಲೀಲಿಕ್ಕೆ ಕಡಿಮೆದೇ ಸಾಕಲ್ರಾ?” ಎಂದು ಕೇಳುತ್ತಾರೆ. ಹಾರ್ಮೋನಿಯಂ ಮೇಲೆ ಪ್ರಾರ್ಥನೆ ನುಡಿಸುವ ಟೀಚರಿಗೆ ಎಲ್ಲ ವಾದ್ಯಗಳೂ ಗೊತ್ತಿರಬೇಕೆಂಬುದು ಅವರ ನಂಬಿಕೆ. ನನಗೆ ಎಲ್ಲವೂ ಗೊತ್ತಿಲ್ಲ. ಆದರೆ ‘ಕಲೀಲಿಕ್ಕೆ ಸಾಕು’ ಎಂಬ ಮಾತಿನ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ.

ಗಿಟಾರಿಗೆ ಬೆಲೆ ಕಟ್ಟುವವರಲ್ಲಿ ಎರಡು ಪಂಗಡ. ಒಂದು ಅಂಗಡಿಯವರದು. ಅವರು ಬಣ್ಣ ತೋರಿಸುತ್ತಾರೆ, ಹೊಳಪು ತೋರಿಸುತ್ತಾರೆ, ಜೊತೆಗೆ ಚೀಲವೂ ಪಟ್ಟಿಯೂ ಪುಕ್ಕಟೆ ಎನ್ನುತ್ತಾರೆ. ಸೀರೆಯ ಸೆರಗನ್ನಷ್ಟೇ ಬಿಡಿಸಿ ತೋರಿಸಿ ಒಡಲನ್ನು ಮಡಿಕೆಯಲ್ಲೇ ಇಟ್ಟ ಹಾಗೆ. ಇನ್ನೊಂದು ಪಂಗಡ ಬಲ್ಲವರದು. ಇವರು ಮರದ ಮಾತನ್ನೇ ಆಡುತ್ತಾರೆ. ಯಾವ ಮರ, ಎಷ್ಟು ಹಳೆಯದು, ಎಲ್ಲಿಯದು ಎಂದು ಕೇಳಿ ಮೂಗು ಮುರಿಯುತ್ತಾರೆ. ಕಲಿಯುವ ಮಗುವಿನ ಮಟ್ಟಿಗೆ ಈ ಇಬ್ಬರ ಅಳತೆಗೋಲೂ ಸರಿಯಲ್ಲ ಎಂಬುದು ನನ್ನ ವಾದ.

ಮರದ ಮಾತು ನಮಗೆ ದೂರದ್ದೇನಲ್ಲ. ಜಗತ್ತಿನ ದುಬಾರಿ ಗಿಟಾರುಗಳ ಹಿಂಬದಿಗೂ ಪಕ್ಕಗಳಿಗೂ ಬಳಸುವ ‘ಇಂಡಿಯನ್ ರೋಸ್‌ವುಡ್’ ಎಂದರೆ ನಮ್ಮ ಮಲೆನಾಡು, ಕೊಡಗಿನ ಕಾಡುಗಳಲ್ಲೂ ಬೆಳೆಯುವ ಬೀಟೆಯೇ. ಅಮೆರಿಕದ ಮಾರ್ಟಿನ್ ಕಂಪನಿ ಬಹುಕಾಲ ಬ್ರೆಜಿಲ್ ದೇಶದ ರೋಸ್‌ವುಡ್ಡನ್ನು ಬಳಸುತ್ತಿತ್ತು. ಅದು ಸಿಗುವುದು ಕಷ್ಟವಾದಾಗ, 1969ರಲ್ಲಿ, ನಮ್ಮ ಬೀಟೆಗೆ ಬದಲಾಯಿತು. ಬೀಟೆಯೂ ಅದರ ನೆಂಟ ಮರಗಳೂ ವಿರಳವಾಗುತ್ತ ಬಂದು 2017ರಲ್ಲಿ ಅವುಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ಕಟ್ಟುನಿಟ್ಟು ಬಂತು. ಸಿದ್ಧವಾದ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಅಜ್ಜನ ಮನೆಯ ಬೀಟೆಯ ಮಂಚವನ್ನು ನೋಡಿ ಬೆಳೆದ ನಮಗೆ ಈ ಕತೆ ಕೇಳಿ ಹೆಮ್ಮೆಯೂ ಆಗುತ್ತದೆ, ಕಾಡು ನೆನೆದು ಸಂಕಟವೂ ಆಗುತ್ತದೆ.

ಆದರೆ ಮರದಿಂದಲೇ ನಾದವೇ? ಸ್ಪೇನಿನ ಆಂತೋನಿಯೊ ದೆ ತೊರೆಸ್ ಎಂಬ ಮಹಾ ಕುಶಲಕರ್ಮಿ 1862ರಲ್ಲಿ ಒಂದು ಗಿಟಾರು ಮಾಡಿದ. ಅದರ ಹಿಂಬದಿ ಮತ್ತು ಪಕ್ಕಗಳೆಲ್ಲ ಕಾಗದದ ರಟ್ಟು! ನಾದದ ಗುಟ್ಟು ಇರುವುದು ಮೇಲ್ಹಲಗೆಯಲ್ಲಿ ಎಂದು ತೋರಿಸಲು ಹಾಗೆ ಮಾಡಿದ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಿಂಬದಿಯ ಮರವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ತೆರನಾದ ಆರು ಗಿಟಾರುಗಳನ್ನು ಮಾಡಿಸಿ, 52 ಮಂದಿ ವಾದಕರಿಗೆ ಮರ ಕಾಣದ ಹಾಗೆ ಕೊಟ್ಟು ನುಡಿಸಲು ಹೇಳಿದರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ವಾದಕರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಕಣ್ಣಿಗೆ ಬೀಟೆ ಕಂಡಾಗ ಕಿವಿಯೂ ಬೀಟೆಯನ್ನೇ ಕೇಳುತ್ತದೆ ಎಂದಾಯಿತು.

ಹಾಗಾದರೆ ಯಾವುದನ್ನು ನೋಡಬೇಕು? ಅಳತೆಯನ್ನು. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಸ್ವರ ಜಾರಿದರೆ ಬಲ್ಲವರು ಮೇಣ ಬಿಸಿ ಮಾಡಿ ಮತ್ತೆ ಕೂರಿಸುತ್ತಾರೆ. ಗಿಟಾರಿನಲ್ಲಿ ಆ ಸೌಲಭ್ಯವಿಲ್ಲ. ಮೆಟ್ಟಿಲುಗಳು ಮರಕ್ಕೆ ಬಡಿದ ಲೋಹದ ಪಟ್ಟಿಗಳು. ಕಾರ್ಖಾನೆಯಲ್ಲಿ ಎಲ್ಲಿ ಕೂತವೋ ಅಲ್ಲೇ ಶಾಶ್ವತ. ಅವು ಕೂರುವುದಕ್ಕೂ ಒಂದು ಲೆಕ್ಕವಿದೆ. ತಂತಿಯ ಉದ್ದ 634 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಮೊದಲ ಮೆಟ್ಟಿಲು ಸುಮಾರು 35.6 ಮಿಲಿಮೀಟರಿಗೆ ಬರಬೇಕು. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 317ಕ್ಕೆ ಬರಬೇಕು. ಅಲ್ಲಿ ಒತ್ತಿದರೆ ಮೇಲಿನ ಷಡ್ಜ. ಇದು ಎರಡು ಮೂರು ಮಿಲಿಮೀಟರ್ ತಪ್ಪಿದರೂ ಇಡೀ ವಾದ್ಯ ಅಪಸ್ವರ. ಎಷ್ಟು ಬಿರಡೆ ತಿರುವಿದರೂ ಶ್ರುತಿ ಕೂಡುವುದಿಲ್ಲ.

ಎರಡನೆಯದು ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿ ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಹಿತ. ನಾಲ್ಕು ಐದು ಆಯಿತೆಂದರೆ ಉಕ್ಕಿನ ತಂತಿ ಎಳೆಯ ಬೆರಳನ್ನು ಕೊಯ್ಯುತ್ತದೆ. ಅಷ್ಟು ಆಳಕ್ಕೆ ಒತ್ತುವಾಗ ತಂತಿ ಹಿಗ್ಗಿ ಸ್ವರವೂ ಏರಿಬಿಡುತ್ತದೆ. ಆರು ಉಕ್ಕಿನ ತಂತಿಗಳು ಸೇರಿ ಗಿಟಾರನ್ನು ಎಳೆಯುವ ಬಲ 70 ಕಿಲೋಗೂ ಹೆಚ್ಚು. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ಅದಕ್ಕೇ ಒಳ್ಳೆಯ ಗಿಟಾರಿನ ಕುತ್ತಿಗೆಯೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ಕುತ್ತಿಗೆ ಬಾಗಿದರೆ ಅದನ್ನು ತಿರುವಿ ಸರಿಮಾಡಬಹುದು. ತೀರಾ ಅಗ್ಗದವುಗಳಲ್ಲಿ ಕೆಲವಕ್ಕೆ ಆ ಸರಳೇ ಇರುವುದಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಕುತ್ತಿಗೆ ಬಿಲ್ಲಾಗುತ್ತದೆ.

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಅವಳಪ್ಪ ಮೂರು ಸಾವಿರದ ಗಿಟಾರು ತಂದುಕೊಟ್ಟಿದ್ದರು. ಮೂರು ತಿಂಗಳು ಪಟ್ಟುಹಿಡಿದು ನುಡಿಸಿದಳು. ಆಮೇಲೆ ಬಿಟ್ಟಳು. ಕೇಳಿದರೆ, “ನನ್ನ ಬೆರಳೇ ಸರಿ ಇಲ್ಲ ಟೀಚರ್, ಕಿವಿಯೂ ಇಲ್ಲ” ಎಂದಳು. ಅವಳಪ್ಪ ಪಕ್ಕದಲ್ಲೇ ನಿಂತು ಆ ಗಾದೆಯನ್ನೇ ಹೇಳಿ ನಕ್ಕರು. ನಾನೂ ನಮ್ಮ ಗಣಿತದ ಮೇಷ್ಟ್ರೂ ಸ್ಟಾಫ್ ರೂಮಿನ ಮೇಜಿನ ಮೇಲೆ ಆ ಗಿಟಾರನ್ನು ಮಲಗಿಸಿ ಅಳತೆ ಪಟ್ಟಿ ಹಿಡಿದೆವು. ತಂತಿ ಹೊರಡುವ ತುದಿಯಿಂದ ಹನ್ನೆರಡನೆಯ ಮೆಟ್ಟಿಲಿಗೆ ಇದ್ದ ದೂರಕ್ಕಿಂತ, ಅಲ್ಲಿಂದ ಕುದುರೆಗಿದ್ದ ದೂರ ಐದು ಮಿಲಿಮೀಟರ್ ಕಡಿಮೆ! ಕುದುರೆಯನ್ನೇ ತಪ್ಪು ಜಾಗದಲ್ಲಿ ಅಂಟಿಸಿದ್ದರು. ತಂತಿಯ ಎತ್ತರವೂ ಐದರ ಹತ್ತಿರ. ಅದರಲ್ಲಿ ಯಾವ ವಿದ್ವಾಂಸರು ನುಡಿಸಿದರೂ ಅಪಸ್ವರವೇ ಬರಬೇಕು. ಆ ಹುಡುಗಿಗೆ ಕಿವಿ ಇತ್ತು. ಇದ್ದುದರಿಂದಲೇ ಅವಳಿಗೆ ಹಿಂಸೆಯಾಗಿತ್ತು. ನಾವು ಅಳೆದು ತೋರಿಸಿದೆವು, ಅವಳಪ್ಪನೂ ತಲೆದೂಗಿದರು. ಆದರೆ ಇನ್ನೊಂದು ಗಿಟಾರು ಆ ಮನೆಗೆ ಬರಲಿಲ್ಲ. ಹಣವನ್ನು ಹೇಗೋ ಹೊಂದಿಸಬಹುದಿತ್ತೇನೋ, ಮೂರು ತಿಂಗಳಲ್ಲಿ ಅವಳು ತನ್ನ ಬಗ್ಗೆ ನಂಬಿಬಿಟ್ಟಿದ್ದನ್ನು ಅಳಿಸುವುದು ನಮ್ಮಿಂದಾಗಲಿಲ್ಲ.

‘ಕಲೀಲಿಕ್ಕೆ ಸಾಕು’ ಎಂಬ ಮಾತಿಗೆ ನನ್ನ ತಕರಾರು ಇದೇ. ಬಲ್ಲವರ ಕೈಗೆ ಕೆಟ್ಟ ವಾದ್ಯ ಸಿಕ್ಕರೆ ಅವರಿಗೆ ಅದು ಕೆಟ್ಟದ್ದೆಂದು ಗೊತ್ತಾಗುತ್ತದೆ, ಬದಿಗಿಡುತ್ತಾರೆ. ಕಲಿಯುವ ಮಗುವಿಗೆ ಅದು ಗೊತ್ತಾಗುವುದಿಲ್ಲ. ತಾನೇ ಕೆಟ್ಟವಳು ಎಂದುಕೊಳ್ಳುತ್ತದೆ. ಬಲ್ಲವರಿಗಿಂತ ಕಲಿಯುವವರಿಗೇ ನೆಟ್ಟನೆಯ ವಾದ್ಯ ಬೇಕು.

ಈಗ ಹತ್ತು ಸಾವಿರದ ಮಾತಿಗೆ ಬರೋಣ. ನಮ್ಮಲ್ಲಿ ಈ ಬೆಲೆಯ ಆಸುಪಾಸಿನಲ್ಲಿ ಹೆಚ್ಚಾಗಿ ಕಾಣುವುದು ಯಮಹಾ ಕಂಪನಿಯ ಎಫ್ 310. ಈ ಕಂಪನಿ ಹುಟ್ಟಿದ್ದೇ ಒಂದು ಶಾಲೆಯಿಂದ. 1887ರಲ್ಲಿ ಜಪಾನಿನ ಹಮಾಮತ್ಸು ಊರಿನ ಪ್ರಾಥಮಿಕ ಶಾಲೆಯ ಆರ್ಗನ್ ಕೆಟ್ಟಾಗ, ರಿಪೇರಿಗೆ ಬಂದ ತೊರಾಕುಸು ಯಮಹಾ ಎಂಬವರು ಅದನ್ನು ಬಿಚ್ಚಿ ನೋಡಿ ತಾವೇ ಆರ್ಗನ್ ಮಾಡತೊಡಗಿದರು. ಕಂಪನಿಯ ಉಕ್ಕಿನ ತಂತಿಯ ಅಗ್ಗದ ಗಿಟಾರುಗಳಾದ ಎಫ್‌ಜಿ ಸಾಲು 1966ರಲ್ಲಿ ಬಂತು. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಕಂಟ್ರಿ ಜೋ ಮೆಕ್‌ಡೊನಾಲ್ಡ್ ಲಕ್ಷಗಟ್ಟಲೆ ಜನರ ಮುಂದೆ ಹಾಡಿದ್ದು ಎರವಲು ತಂದ ಇಂಥದೇ ಒಂದು ಎಫ್‌ಜಿ 150 ಹಿಡಿದು. ಹೆಗಲ ಪಟ್ಟಿ ಸಿಗದೆ ಹಗ್ಗ ಕಟ್ಟಿಕೊಂಡಿದ್ದರು.

ಎಫ್ 310ರ ಗುಣವನ್ನೂ ದೋಷವನ್ನೂ ತೂಗಿ ಹೇಳಬೇಕು. ಮೇಲ್ಹಲಗೆ ಸ್ಪ್ರೂಸ್ ಎನ್ನುವುದು ನಿಜ, ಆದರೆ ಪದರ ಪದರವಾಗಿ ಅಂಟಿಸಿದ್ದು. ಕಂಪನಿಗಳ ಪಟ್ಟಿಯಲ್ಲಿ ‘ಸಾಲಿಡ್’ ಎಂದಿದ್ದರೆ ಒಂದೇ ಹಲಗೆ; ಬರೀ ‘ಸ್ಪ್ರೂಸ್’ ಎಂದಿದ್ದರೆ ಸಾಮಾನ್ಯವಾಗಿ ಪದರದ್ದು. ಕೊಳ್ಳುವವರು ಆ ಒಂದು ಪದವನ್ನು ಹುಡುಕಿ ಓದಬೇಕು. ಪದರದ ಹಲಗೆಯ ನಾದ ತುಸು ತೆಳು. ಮಂದ್ರದ ತಂತಿಗಳಲ್ಲಿ ಗಾಂಭೀರ್ಯ ಸಾಲದು, ವರ್ಷ ಕಳೆದಂತೆ ನಾದ ಮಾಗುವುದೂ ಇಲ್ಲ. ಆದರೆ ನಮ್ಮಂಥ ಮಳೆಯ ಊರಿನಲ್ಲಿ ಇದೇ ಒಂದು ಅನುಕೂಲ. ಗೋಡೆಯೇ ಬೆವರುವ ಆಷಾಢದಲ್ಲಿ ಒಂಟಿ ಹಲಗೆ ಉಬ್ಬಿ, ಬೇಸಗೆಯಲ್ಲಿ ಬಿರಿಯುವ ಭಯವಿರುತ್ತದೆ. ಪದರದ್ದು ತಡೆದುಕೊಳ್ಳುತ್ತದೆ. ಮುಖ್ಯವಾದದ್ದೆಂದರೆ, ನಾನು ಬೇರೆ ಬೇರೆ ಮನೆಗಳಲ್ಲಿ ನೋಡಿದ ನಾಲ್ಕೈದು ಎಫ್ 310ಗಳಲ್ಲಿ ಮೆಟ್ಟಿಲುಗಳ ಲೆಕ್ಕ ಸರಿಯಿತ್ತು, ಶ್ರುತಿ ನಿಲ್ಲುತ್ತಿತ್ತು, ಒಂದರಂತೆಯೇ ಇನ್ನೊಂದಿತ್ತು. ಹೊಸದರಲ್ಲಿ ತಂತಿ ತುಸು ಎತ್ತರವಿರುವುದುಂಟು. ಕುದುರೆಯ ಮೇಲಿನ ಬಿಳಿಯ ಪಟ್ಟಿಯನ್ನು ತೆಗೆದು ತಳವನ್ನು ಉಜ್ಜಿ ಇಳಿಸಬೇಕು. ಇದು ತಿಳಿದವರು ಮಾಡುವ ಸಣ್ಣ ಕೆಲಸ. ದೇಹ ದೊಡ್ಡದಾದ್ದರಿಂದ ಹತ್ತು ವರ್ಷದ ಮಕ್ಕಳಿಗೆ ಇದು ಬೇಡ. ಅವರಿಗೆ ಮುಕ್ಕಾಲು ಅಳತೆಯ, ನೈಲಾನ್ ತಂತಿಯ ಗಿಟಾರು ಒಳ್ಳೆಯದು.

ಹಾಗೆಂದು ಮೂರು ಸಾವಿರದ್ದೆಲ್ಲ ಕಸ, ಹತ್ತು ಸಾವಿರದ್ದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಬಡವರ ಮಕ್ಕಳಿಗೆ ಬಾಗಿಲು ಮುಚ್ಚಿದಂತೆ. ಅಗ್ಗದ್ದರಲ್ಲೂ ನೆಟ್ಟನೆಯದು ಸಿಗುತ್ತದೆ, ಹುಡುಕಬೇಕು. ಅಂಗಡಿಗೆ ಹೋಗುವಾಗ ಮಗುವಿನ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ಜೊತೆಗೊಯ್ಯಿರಿ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ನೋಡಿ. ಅದೇ ಜಾಗದಲ್ಲಿ ತಂತಿಯನ್ನು ಒತ್ತದೆ ಹಗುರಾಗಿ ಮುಟ್ಟಿ ಮೀಟಿದರೆ ಗಂಟೆಯಂಥ ನಾದ ಬರುತ್ತದೆ. ಅದೂ ಒತ್ತಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಆರು ತಂತಿಗಳಲ್ಲೂ ಹೀಗೆ ಮಾಡಿ. ಕುತ್ತಿಗೆಯ ಅಂಚಿನಲ್ಲಿ ಬೆರಳು ಸವರಿ, ಮೆಟ್ಟಿಲುಗಳ ತುದಿ ಚುಚ್ಚಬಾರದು. ಕುದುರೆಯ ಹಿಂದೆ ಮೇಲ್ಹಲಗೆ ಗುಡ್ಡದಂತೆ ಉಬ್ಬಿರಬಾರದು. ತಂತಿ ಎತ್ತರವಿದ್ದು ಉಳಿದದ್ದು ಸರಿಯಿದ್ದರೆ ಕೊಳ್ಳಬಹುದು, ತಿದ್ದಲಾಗುತ್ತದೆ. ಸ್ವರವೇ ತಪ್ಪಿದ್ದರೆ ಪುಕ್ಕಟೆ ಕೊಟ್ಟರೂ ತರಬೇಡಿ. ಯಾರಾದರೂ ಬಳಸಿ ಬಿಟ್ಟ ಒಳ್ಳೆಯ ಗಿಟಾರು ಅರ್ಧ ಬೆಲೆಗೆ ಸಿಕ್ಕರೆ ಅದು ಎಲ್ಲಕ್ಕಿಂತ ಲಾಭ.

ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಸಂಗೀತದ ವಿದ್ವತ್ತೂ ಬೇಡ. ಅಂಗಡಿಯವರು ಅವಸರ ಮಾಡಿದರೆ ಮಾಡಲಿ. ಮಗುವನ್ನು ಪರೀಕ್ಷಿಸುವ ಮುಂಚೆ ವಾದ್ಯವನ್ನು ಪರೀಕ್ಷಿಸಿ. ಆಮೇಲೂ ಮಗು ಕಲಿಯದಿದ್ದರೆ ಅದು ಬೇರೆ ಮಾತು. ಎಲ್ಲರೂ ಎಲ್ಲವನ್ನೂ ಕಲಿಯಬೇಕೆಂದೇನೂ ಇಲ್ಲವಲ್ಲ.