ನರ್ಸ್ ಅಕ್ಕನ ನೋಟ್‌ಬುಕ್

ಹುಬ್ಬಳ್ಳಿಯ ಬೆಂಗೇರಿ ಎಂದರೆ ಎಲ್ಲರಿಗೂ ನೆನಪಾಗುವುದು ಖಾದಿಯ ರಾಷ್ಟ್ರಧ್ವಜ. ನನಗೆ ನಮ್ಮ ಓಣಿಯ ನರ್ಸ್ ಅಕ್ಕನ ಉದ್ದ ನೋಟ್‌ಬುಕ್ಕೂ ನೆನಪಾಗುತ್ತದೆ. ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮುಗಿಸಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ ಅವರು ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಪೋಸ್ಟ್ ಬೇಸಿಕ್ ಬಿಎಸ್‌ಸಿ ನರ್ಸಿಂಗ್‌ಗೆ ಹೆಸರು ಹಚ್ಚಿದರು. ಕೆಲಸದಲ್ಲಿದ್ದುಕೊಂಡೇ ಪದವಿ ಪಡೆಯಲೆಂದು 1994ರಲ್ಲಿ ಶುರುವಾದ, ಕನಿಷ್ಠ 3 ವರ್ಷದ ಕೋರ್ಸ್ ಅದು.

ರಾತ್ರಿ ಪಾಳಿ ಮುಗಿಸಿ ಬಂದು, ರೊಟ್ಟಿ ಬಡಿದು, ಮಕ್ಕಳನ್ನು ಸಾಲಿಗೆ ಕಳಿಸಿ, ಮೊಬೈಲಿನಲ್ಲಿ ಪಾಠ ಕೇಳುತ್ತ ಅವರು ಕೇರ್ ಪ್ಲಾನ್ ಬರೆಯುತ್ತಿದ್ದರು. ಗಮನಿಸಿದ್ದು, ಗುರುತಿಸಿದ ತೊಂದರೆ, ಯೋಜನೆ, ಮಾಡಿದ ಆರೈಕೆ, ಅದರ ಫಲ ಎಂದು ಪುಟಕ್ಕೆ 5 ಕಾಲಂ. ಒಂದು ಪುಟದಲ್ಲಿ ಹೀಗಿತ್ತು: ಹಾಸಿಗೆ ಹಿಡಿದ ಅಜ್ಜನ ಬೆನ್ನು ಕೆಂಪಾಗಿದೆ. 2 ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಹಾಸಿಗೆಯಲ್ಲಿ ಸುಕ್ಕು ಇರಬಾರದು, ಮರುದಿನ ಕೆಂಪು ಇಳಿದಿದೆಯೇ ನೋಡಬೇಕು. ಎಷ್ಟು ಚೆಂದದ ಶಿಸ್ತು! ಕೈಗೆ ರೂಢಿಯಾಗಿದ್ದ ಕೆಲಸಕ್ಕೆ ಕಾರಣ ಸಿಕ್ಕ ಸಂತೋಷ ಆ ದುಂಡನೆಯ ಅಕ್ಷರಗಳಲ್ಲಿ ಕಾಣುತ್ತಿತ್ತು.

“ಈಗ ಡಾಕ್ಟರ್ ಮುಂದ ಕಾರಣಾ ಹೇಳಿ ಮಾತಾಡ್ತೀನ್ರಿ” ಎಂದರು ಒಮ್ಮೆ.

ಪರದೆಯ ಮೇಲೆ ಪಾಠ ಕಲಿಯಬಹುದು; ರೋಗಿಯ ಮೈ ಮುಟ್ಟುವ ಕೈಯನ್ನು ವಾರ್ಡೇ ತಿದ್ದಬೇಕು. ಅದಕ್ಕೇ ಈ ಕೋರ್ಸಿನಲ್ಲಿ ಪ್ರಾಯೋಗಿಕ ತರಗತಿಗಳೂ ಇವೆ, ಇರಲೇಬೇಕು.

ಆಸ್ಪತ್ರೆ ನಡೆಸುವವರಲ್ಲಿ ಒಂದೇ ವಿನಂತಿ: ಓದುತ್ತಿರುವ ನರ್ಸಿಗೆ ಪರೀಕ್ಷೆಯ ವಾರ ರಾತ್ರಿ ಪಾಳಿ ಹಾಕಬೇಡಿ.