ನಿವಾಸದ ಪ್ರಮಾಣಪತ್ರವೂ ತೆರಿಗೆಯ ಹೊಣೆಯೂ

ಭಾರತದ ಸರ್ವೋಚ್ಚ ನ್ಯಾಯಾಲಯವು 2003ರ ಅಕ್ಟೋಬರ್ 7ರಂದು ಆಜಾದಿ ಬಚಾವೋ ಆಂದೋಲನದ ಮೊಕದ್ದಮೆಯಲ್ಲಿ ಇತ್ತ ತೀರ್ಪು, ಕಂಪನಿಯೊಂದು ಯಾವ ದೇಶದ ನಿವಾಸಿ ಎಂಬ, ಮೇಲ್ನೋಟಕ್ಕೆ ಶುಷ್ಕವಾಗಿ ತೋರುವ ಪ್ರಶ್ನೆಯ ಮೇಲೆ ರಾಷ್ಟ್ರದ ಬೊಕ್ಕಸವು ಎಷ್ಟರಮಟ್ಟಿಗೆ ಅವಲಂಬಿಸಿದೆ ಎಂಬುದನ್ನು ತೋರಿಸಿಕೊಟ್ಟ ಕೃತಿ. ಅದರ ಭಾಷೆ ವಿಶದವಾದುದು, ವಾದಸರಣಿ ಕ್ರಮಬದ್ಧವಾದುದು. ಆದರೂ ಅದನ್ನು ಓದಿ ಮುಗಿಸಿದಾಗ, ನ್ಯಾಯಮೂರ್ತಿಗಳು ತಾವು ನಿರ್ಣಯಿಸಬೇಕಾದುದನ್ನು ಸರಿಯಾಗಿಯೇ ನಿರ್ಣಯಿಸಿ, ತಮ್ಮ ಅಧಿಕಾರಕ್ಕೆ ಸೇರದ ಇನ್ನೊಂದು ವಿಷಯಕ್ಕೂ ಸಮ್ಮತಿಯ ಮುದ್ರೆಯೊತ್ತಿದರು ಎಂಬ ಅಭಿಪ್ರಾಯ ನನ್ನಲ್ಲಿ ದೃಢವಾಗಿ ಉಳಿಯುತ್ತದೆ.

ವಿವಾದದ ಮೂಲವಿರುವುದು ಭಾರತವೂ ಮಾರಿಷಸ್ಸೂ 1982ರಲ್ಲಿ ಮಾಡಿಕೊಂಡ ದ್ವಿತೆರಿಗೆ ನಿವಾರಣಾ ಒಪ್ಪಂದದಲ್ಲಿ. ನಮ್ಮ ಆದಾಯ ತೆರಿಗೆ ಕಾಯಿದೆಯ ಪ್ರಕಾರ ಭಾರತೀಯ ಕಂಪನಿಯ ಷೇರುಗಳನ್ನು ಮಾರಿ ಬಂದ ಲಾಭವು, ಮಾರಿದವನು ಯಾವ ದೇಶದವನೇ ಆಗಿರಲಿ, ಇಲ್ಲಿ ಹುಟ್ಟಿದ ಆದಾಯವಾದುದರಿಂದ ಇಲ್ಲಿಯೇ ತೆರಿಗೆಗೆ ಒಳಪಡತಕ್ಕುದು. ಒಪ್ಪಂದದ 13ನೆಯ ಅನುಚ್ಛೇದವಾದರೋ ಆ ಹಕ್ಕನ್ನು ಮಾರಿದವನ ನಿವಾಸದೇಶಕ್ಕೆ ಬಿಟ್ಟುಕೊಟ್ಟಿತು. ಕಾಯಿದೆಯ 90ನೆಯ ಪ್ರಕರಣವು ಕಾಯಿದೆ, ಒಪ್ಪಂದ ಇವೆರಡರಲ್ಲಿ ತೆರಿಗೆದಾರನಿಗೆ ಹೆಚ್ಚು ಅನುಕೂಲವಾದುದೇ ಅನ್ವಯಿಸಬೇಕೆಂದು ವಿಧಿಸಿತು. ಮಾರಿಷಸ್ಸಿನಲ್ಲಿ ಬಂಡವಾಳ ಲಾಭದ ಮೇಲೆ ತೆರಿಗೆಯೇ ಇರಲಿಲ್ಲ. ಹೀಗೆ, ಒಂದೇ ಆದಾಯಕ್ಕೆ ಎರಡು ಬಾರಿ ತೆರಿಗೆ ಬೀಳದಿರಲೆಂದು ರಚಿತವಾದ ಒಪ್ಪಂದದಿಂದ ಒಂದು ಬಾರಿಯೂ ತೆರಿಗೆ ಬೀಳದ ಸ್ಥಿತಿ ಪ್ರಾಪ್ತವಾಯಿತು. 1991ರ ಆರ್ಥಿಕ ಸುಧಾರಣೆಗಳ ಅನಂತರ ಅನ್ಯದೇಶಗಳ ಹೂಡಿಕೆದಾರರು ಮಾರಿಷಸ್ಸಿನಲ್ಲಿ ಕಂಪನಿಗಳನ್ನು ನೋಂದಾಯಿಸಿ, ಅವುಗಳ ಮೂಲಕ ನಮ್ಮ ಷೇರುಪೇಟೆಯನ್ನು ಪ್ರವೇಶಿಸಿದುದು ಇದರ ಸಹಜ ಫಲ. ತೀರ್ಪು ಬಂದ ಆ ಕಾಲದಲ್ಲಿ, ಕೊಂಡ ಷೇರನ್ನು ವರ್ಷದೊಳಗೆ ಮಾರಿದ ಬೆಂಗಳೂರಿನ ಕಂಪನಿ ಆ ಲಾಭದ ಮೇಲೆ ಶೇಕಡಾ 35ರಷ್ಟು ತೆರಿಗೆಯನ್ನೂ ಅದರ ಮೇಲೆ ಅಧಿಭಾರವನ್ನೂ ತೆರಬೇಕಾಗಿತ್ತು. ಅದೇ ಷೇರನ್ನು ಅದೇ ದಿನ ಮಾರಿದ ಮಾರಿಷಸ್ಸಿನ ಹೂಡಿಕೆದಾರ ಕಂಪನಿ ಏನನ್ನೂ ತೆರಬೇಕಾಗಿರಲಿಲ್ಲ.

ಕೆಲವು ಆದಾಯ ತೆರಿಗೆ ಅಧಿಕಾರಿಗಳು 2000ದಲ್ಲಿ ಇಂಥ ಕಂಪನಿಗಳಿಗೆ ನೋಟಿಸು ಕೊಟ್ಟರು, ಷೇರುಪೇಟೆ ತಲ್ಲಣಿಸಿತು, ಏಪ್ರಿಲ್ 13ರಂದು ಕೇಂದ್ರ ನೇರ ತೆರಿಗೆಗಳ ಮಂಡಳಿ 789ನೆಯ ಸುತ್ತೋಲೆಯನ್ನು ಹೊರಡಿಸಿ, ಮಾರಿಷಸ್ಸಿನ ಅಧಿಕಾರಿಗಳು ಕೊಟ್ಟ ಪ್ರಮಾಣಪತ್ರವೇ ನಿವಾಸಕ್ಕೆ ಸಾಕಾದ ಪುರಾವೆ ಎಂದು ಸಾರಿತು. 2002ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿದ ಆ ಸುತ್ತೋಲೆಗೆ ಸರ್ವೋಚ್ಚ ನ್ಯಾಯಾಲಯ ಮರುವರ್ಷ ಜೀವವಿತ್ತಿತು.

ತೀರ್ಪಿನ ಒಂದು ಭಾಗವನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಅಮೆರಿಕದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಸೌಲಭ್ಯಗಳನ್ನು ಮಿತಿಗೊಳಿಸುವ ಅನುಚ್ಛೇದವನ್ನು ಬರೆಸಿದ್ದ ಸರ್ಕಾರ ಮಾರಿಷಸ್ಸಿನ ಒಪ್ಪಂದದಲ್ಲಿ ಅದನ್ನು ಬರೆಸದೆ ಬಿಟ್ಟಿರುವಾಗ, ಆ ಕೊರತೆಯನ್ನು ನ್ಯಾಯಾಲಯ ತನ್ನ ಲೇಖನಿಯಿಂದ ತುಂಬಲಾಗದು. ತೆರಿಗೆಗೆ ಬಾಧ್ಯನಾಗಿರುವುದು ಬೇರೆ, ತೆರಿಗೆಯನ್ನು ವಾಸ್ತವವಾಗಿ ಕೊಡುವುದು ಬೇರೆ ಎಂಬ ವಿವೇಚನೆಯೂ ಶಾಸ್ತ್ರೀಯವಾದುದೇ.

ಆದರೆ ತೀರ್ಪು ಅಲ್ಲಿಗೆ ನಿಲ್ಲಲಿಲ್ಲ. ಮೂರನೆಯ ದೇಶದವರು ಇಂಥ ಒಪ್ಪಂದಗಳನ್ನು ಅರಸಿಕೊಂಡು ಬರುವುದು ಅಭಿವೃದ್ಧಿಶೀಲ ದೇಶಕ್ಕೆ ಬಂಡವಾಳದ ಅಗತ್ಯವಿರುವಾಗ ಸಹಿಸಿಕೊಳ್ಳಬೇಕಾದ ಕೇಡು ಎಂಬ ಆರ್ಥಿಕ ವಿಚಾರವನ್ನು ಅದು ತನ್ನ ಕಾರಣಗಳಲ್ಲಿ ಸೇರಿಸಿಕೊಂಡಿತು. ಯಾವ ಕೇಡನ್ನು ಎಷ್ಟು ಕಾಲ ಸಹಿಸಬೇಕೆಂಬುದು ಸಂಸತ್ತು ಚರ್ಚಿಸಬೇಕಾದ ವಿಷಯ; ನ್ಯಾಯಪೀಠ ಅದನ್ನು ನುಡಿದಾಗ, ಲೆಕ್ಕ ಕೇಳಬೇಕಾದ ಪ್ರಜೆಗೆ ಕೇಳುವ ಸ್ಥಳವೇ ಇಲ್ಲದಂತಾಗುತ್ತದೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಬಾಧಿಸುವುದು ಪ್ರಮಾಣಪತ್ರಕ್ಕೆ ದೊರೆತ ಪ್ರಾಶಸ್ತ್ಯ. ದೇಹವಿಲ್ಲದ ಕಂಪನಿ ಎಲ್ಲಿ ವಾಸಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ಲಾರ್ಡ್ಸ್ ಸಭೆ 1906ರಷ್ಟು ಹಿಂದೆಯೇ ಡಿ ಬೀರ್ಸ್ ಮೊಕದ್ದಮೆಯಲ್ಲಿ ಆಳವಾಗಿ ಪರಿಶೀಲಿಸಿತ್ತು. ಆ ಕಂಪನಿ ನೋಂದಣಿಯಾದುದು ದಕ್ಷಿಣ ಆಫ್ರಿಕದಲ್ಲಿ, ಅದರ ವಜ್ರದ ಗಣಿಗಳಿದ್ದುದೂ ಅಲ್ಲಿಯೇ; ಆದರೂ ಮುಖ್ಯ ನಿರ್ಧಾರಗಳು ಲಂಡನ್ನಿನಲ್ಲಿ ಆಗುತ್ತಿದ್ದುದರಿಂದ, ಸರ್ವೋಪರಿ ನಿಯಂತ್ರಣವಿರುವ ಸ್ಥಳವೇ ಕಂಪನಿಯ ನಿವಾಸವೆಂದು ಲಾರ್ಡ್ ಲೋರ್‌ಬರ್ನ್ ತೀರ್ಮಾನಿಸಿದರು. ನಿವಾಸವೆಂಬುದು ವಾಸ್ತವಾಂಶ, ಅದನ್ನು ವಿಚಾರಣೆಯಿಂದ ಕಂಡುಕೊಳ್ಳಬೇಕು ಎಂಬ ಈ ತತ್ತ್ವದ ಸ್ಥಾನದಲ್ಲಿ ನಮ್ಮ ಸುತ್ತೋಲೆ ಒಂದು ಕಾಗದವನ್ನು ಇರಿಸಿತು. ನಮ್ಮ ಕಾಯಿದೆಯೂ ಆಗ ದುರ್ಬಲವಾಗಿಯೇ ಇತ್ತು: ನಿಯಂತ್ರಣವೂ ನಿರ್ವಹಣೆಯೂ ಸಂಪೂರ್ಣವಾಗಿ ಭಾರತದಲ್ಲಿದ್ದರೆ ಮಾತ್ರ ವಿದೇಶೀ ಕಂಪನಿ ಇಲ್ಲಿಯ ನಿವಾಸಿಯೆನಿಸುತ್ತಿದ್ದುದರಿಂದ, ಒಂದು ಆಡಳಿತ ಮಂಡಳಿ ಸಭೆಯನ್ನು ಹೊರದೇಶದಲ್ಲಿ ನಡೆಸಿ ಜಾರಿಕೊಳ್ಳುವುದು ಸಾಧ್ಯವಿತ್ತು. ಪರಿಣಾಮಕಾರಿ ನಿರ್ವಹಣೆಯ ಸ್ಥಳವನ್ನೇ ನೋಡಬೇಕೆಂಬ ನಿಯಮವನ್ನು 2015ರಲ್ಲಿ ಅಂಗೀಕರಿಸಿ 2017ರಲ್ಲಿ ಜಾರಿಗೆ ತಂದುದು, ಡಿ ಬೀರ್ಸ್ ತೀರ್ಪಿನ ವಿವೇಕಕ್ಕೆ ನಾವು ತಡವಾಗಿ ಸಮೀಪಿಸಿದಂತೆ.

ಒಪ್ಪಂದದ ದೋಷಕ್ಕೆ ಪರಿಹಾರ ದೊರೆತುದು ಮಾತುಕತೆಯಿಂದಲೇ. 2016ರ ಮೇ 10ರ ತಿದ್ದುಪಡಿಯ ಫಲವಾಗಿ, 2017ರ ಏಪ್ರಿಲ್ 1ರಿಂದೀಚೆಗೆ ಕೊಂಡ ಷೇರುಗಳ ಮಾರಾಟದ ಲಾಭಕ್ಕೆ ತೆರಿಗೆ ವಿಧಿಸುವ ಹಕ್ಕು ಭಾರತಕ್ಕೆ ಮರಳಿತು. ಮೊದಲ ಎರಡು ವರ್ಷ ಅರ್ಧ ದರವೆಂದೂ, ಹನ್ನೆರಡು ತಿಂಗಳಲ್ಲಿ ಮಾರಿಷಸ್ಸಿನಲ್ಲಿ 27 ಲಕ್ಷ ರೂಪಾಯಿಯಷ್ಟಾದರೂ ವೆಚ್ಚ ಮಾಡದ ಕಂಪನಿಗೆ ಆ ರಿಯಾಯಿತಿ ಸಲ್ಲದೆಂದೂ ಅದು ವಿಧಿಸಿತು. ಒಪ್ಪಂದಕ್ಕೆ ಸಹಿಯಾಗಿ ಆಗಲೇ ಸುಮಾರು ಮೂವತ್ತನಾಲ್ಕು ವರ್ಷಗಳು ಸಂದಿದ್ದವು. ನ್ಯಾಯಾಲಯ ಕೇಡನ್ನು ಸಮರ್ಥಿಸದೆ, ಶಬ್ದಾರ್ಥಕ್ಕೆ ಮಾತ್ರ ಬದ್ಧವಾಗಿ, ಉಳಿದುದನ್ನು ಸರ್ಕಾರದ ಹೊಣೆಗೆ ಸ್ಪಷ್ಟವಾಗಿ ಒಪ್ಪಿಸಿದ್ದರೆ ಈ ಅವಧಿ ಇಷ್ಟು ದೀರ್ಘವಾಗುತ್ತಿರಲಿಲ್ಲವೆಂದು ನಾನು ನಂಬುತ್ತೇನೆ. ಸೌಲಭ್ಯ ಪಡೆಯುವುದೇ ಪ್ರಧಾನ ಉದ್ದೇಶಗಳಲ್ಲೊಂದಾಗಿದ್ದರೆ ಸೌಲಭ್ಯವನ್ನು ನಿರಾಕರಿಸಬಹುದೆಂಬ ಇನ್ನೊಂದು ತಿದ್ದುಪಡಿಗೆ 2024ರ ಮಾರ್ಚ್ 7ರಂದು ಸಹಿ ಬಿದ್ದಿತು. ಆದರೆ ಬಂಡವಾಳ ಲಾಭದ ಮಟ್ಟಿಗೆ 2016ರ ತಿದ್ದುಪಡಿ ಷೇರುಗಳಿಗಷ್ಟೇ ಸೀಮಿತವಾದುದು. ಸಾಲಪತ್ರಗಳನ್ನು ಮಾರಿ ಗಳಿಸಿದ ಲಾಭವು 13ನೆಯ ಅನುಚ್ಛೇದದ ಉಳಿದ ಭಾಗದ ಪ್ರಕಾರ ನಿವಾಸದೇಶದ ಪಾಲಿಗೇ ಸೇರುವುದರಿಂದ, ಮಾರಿಷಸ್ಸಿನ ಕಂಪನಿಗಳ ನಿರ್ಧಾರಗಳು ನಿಜವಾಗಿ ಎಲ್ಲಿ ಆಗುತ್ತಿವೆ ಎಂದು ವಿಚಾರಿಸುವ ಕರ್ತವ್ಯ ನಮ್ಮ ಅಧಿಕಾರಿಗಳ ಮೇಲೆ ಇನ್ನೂ ಇದ್ದೇ ಇದೆ.